ಐದು ಅಕ್ಷರದ ಅರಸ

ಮಧ್ಯಾಹ್ನ ಮೂರರ ಹೊತ್ತು. ಊಟ ಮುಗಿಸಿ ಮನೆಯವರೆಲ್ಲ ಅಲ್ಲಲ್ಲೇ ಉರುಳಿಕೊಂಡಿದ್ದರು. ಜಗಲಿಯ ಮೇಲೆ ಎಚ್ಚರವಾಗಿದ್ದವರು ನಾನು ಮತ್ತು ನನ್ನ ತಮ್ಮನ ಮಗಳ ಮಗ. ಅವನಿಗೆ ಆರು ತುಂಬಿದೆ, ಒಂದನೆಯ ತರಗತಿ. ಸ್ಲೇಟಿನ ಮೇಲೆ ಬಳಪದಿಂದ ಏನೇನೋ ಗೀಚುತ್ತ ಕೂತಿದ್ದ. ನಾನು ಅದನ್ನು ಕಿತ್ತುಕೊಂಡು ಮೂರು ಅಕ್ಷರ ಬರೆದು ಅವನ ಕಡೆ ತಿರುಗಿಸಿದೆ.

"ಅ" ಎಂದ. ಬೆರಳು ಸರಿಯಿತು. "ರ." ಮತ್ತೆ ಸರಿಯಿತು. "ಸ."

ಸರಿ, ಏನದು ಎಂದೆ. ಮೊದಲಿನಿಂದ ಹೊರಟ. ಅ, ರ, ಸ. ಮಣಿ ಮೂರಿವೆ, ದಾರವಿಲ್ಲ. ಇನ್ನೊಂದು ಸಲ ಸ್ವಲ್ಪ ಬೇಗ ಹೇಳಿದ. ಮತ್ತೊಂದು ಸಲ ಇನ್ನೂ ಬೇಗ. ಆಮೇಲೆ ಬಾಯಿ ನಿಂತುಹೋಯಿತು. ಕಣ್ಣು ಸ್ಲೇಟಿನಿಂದ ಎದ್ದು ಎದುರಿನ ತೆಂಗಿನ ಮರದ ಕಡೆ ಹೋಗಿ, ಅಲ್ಲಿ ಏನನ್ನೂ ನೋಡದೆ ಎರಡು ಕ್ಷಣ ನಿಂತಿತು. ತುಟಿ ಮಾತ್ರ ಸದ್ದಿಲ್ಲದೆ ಅಲ್ಲಾಡುತ್ತಿತ್ತು.

"ಅರ್ಸ!" ಎಂದು ಕೂಗಿದ. "ತಾತಾ, ಅರ್ಸ! ರಾಜ ಕಣ್ ತಾತ!"

"ಮೆತ್ತಗೋ, ದೊಡ್ಡಪ್ಪನ್ನ ಮಲಗೋಕ್ ಬಿಡು" ಎಂದು ಒಳಗಿನಿಂದ ಅವನ ತಾಯಿ ಗದರಿದಳು. ದೊಡ್ಡಪ್ಪನಿಗೆ ಆಗಲೇ ನಿದ್ದೆ ಹಾರಿಹೋಗಿತ್ತು.

ನಾನು ಬರೆದದ್ದು ಅರಸ, ಅವನು ಓದಿದ್ದು ಅರ್ಸ. ಮದ್ದೂರಿನ ಸುತ್ತಿನ ನಮ್ಮ ಬಾಯಲ್ಲಿ ಪದದ ನಡುವಿನ ಅಕಾರ ನಿಲ್ಲುವುದಿಲ್ಲ. ಅಗಸ ಅಗ್ಸ ಆಗುತ್ತಾನೆ, ಕೆಲಸ ಕೆಲ್ಸ ಆಗುತ್ತದೆ. ಹುಡುಗ ತಪ್ಪು ಓದಿದ ಎನ್ನುವವರು ಅನ್ನಲಿ, ನನಗಂತೂ ಆ ತಪ್ಪೇ ಸಾಕ್ಷಿ. ಸ್ಲೇಟಿನ ಮೇಲಿದ್ದ ಮೂರು ಸದ್ದುಗಳನ್ನು ಸುಮ್ಮನೆ ಒಂದಕ್ಕೊಂದು ಅಂಟಿಸಿದ್ದರೆ ಅವನಿಗೆ 'ಅರಸ' ಎಂದೇ ಸಿಗಬೇಕಿತ್ತು. ಅರ್ಸ ಸಿಕ್ಕಿತೆಂದರೆ, ಆ ಎರಡು ಕ್ಷಣದಲ್ಲಿ ಅವನು ಸ್ಲೇಟು ಬಿಟ್ಟು ಎಲ್ಲಿಗೋ ಹೋಗಿದ್ದ. ಅಜ್ಜಿಯ ಕಥೆಗಳು ಮಲಗಿರುವ ಯಾವುದೋ ಕತ್ತಲೆಯ ಕೋಣೆಗೆ ಹೋಗಿ, ತಡಕಾಡಿ, ಕಿರೀಟ ತೊಟ್ಟವನೊಬ್ಬನನ್ನು ಕೈಹಿಡಿದು ಬಿಸಿಲಿಗೆ ಕರೆತಂದಿದ್ದ. ಬಳಪದ ಮೂರು ಗೆರೆ ಆ ಕೋಣೆಯ ಬಾಗಿಲು ತಟ್ಟಿದ್ದು ಹೇಗೆ? ನಾಲ್ಕು ವಾರದಿಂದ ನನ್ನನ್ನು ಕಾಡುತ್ತಿರುವುದು ಅದೇ ಎರಡು ಕ್ಷಣ.

ನನಗೂ ಅಂಥದೊಂದು ಕ್ಷಣ ಬಂದಿರಲೇಬೇಕು. ನೆನಪಿಲ್ಲ. ಶಾಲೆಯ ಮೊದಲ ದಿನ ಅತ್ತದ್ದು ನೆನಪಿದೆ, ಸ್ಲೇಟಿಗೆ ಉಗುಳಿ ಒರೆಸಿ ಏಟು ತಿಂದದ್ದು ನೆನಪಿದೆ, ಬಳಪ ಕಚ್ಚಿ ತಿಂದ ರುಚಿ ಈಗಲೂ ನಾಲಿಗೆಯ ಮೇಲಿದೆ. ಗೆರೆ ಮಾತಾದ ಗಳಿಗೆ ಮಾತ್ರ ಎಲ್ಲೋ ಬಿದ್ದುಹೋಗಿದೆ. ಕೇಳಿದ ಗೆಳೆಯರದೂ ಇದೇ ಕಥೆ. ಬಾಳಿನಲ್ಲಿ ನಡೆದ ಬಹು ದೊಡ್ಡ ಪವಾಡಕ್ಕೆ ನಾವೇ ಸಾಕ್ಷಿಗಳಲ್ಲ.

ಹಿಂದಕ್ಕೆ ಹೋಗೋಣವೆಂದರೆ ದಾರಿಯೂ ಮುಚ್ಚಿದೆ. ಓದಲು ಬಂದ ಮೇಲೆ ಓದದೆ ನೋಡಲು ಬರುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ 'ಇಲ್ಲಿ ಮೂತ್ರ ಮಾಡಬಾರದು' ಎಂದಿದ್ದರೆ, ಬೇಡವೆಂದರೂ ಮೂಗಿಗಿಂತ ಮೊದಲು ಕಣ್ಣಿಗೆ ಸುದ್ದಿ ಮುಟ್ಟಿರುತ್ತದೆ. ಅಕ್ಷರವನ್ನು ಬರಿಯ ಗೆರೆಯಾಗಿ ಕಾಣಬೇಕೆಂದರೆ ಬಾರದ ಲಿಪಿಯ ಊರಿಗೇ ಹೋಗಬೇಕು. ಒಮ್ಮೆ ಪಾಲಕ್ಕಾಡಿನಲ್ಲಿ ರೈಲು ನಿಂತಾಗ ಕಿಟಕಿಯಾಚೆ ಮಲಯಾಳದ ಫಲಕ ನೋಡುತ್ತ ಕೂತಿದ್ದೆ. ಸುರುಳಿ, ಕೊಕ್ಕೆ, ಮತ್ತೊಂದು ಸುರುಳಿ. ನನ್ನ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಅದನ್ನು ನೋಡಿ ಕಿಸಕ್ಕನೆ ನಕ್ಕಳು. ಅದರಲ್ಲೇನು ನಗು ಇತ್ತೋ ನನಗೆ ಇಂದಿಗೂ ಗೊತ್ತಿಲ್ಲ. ಆರು ವರ್ಷದವರೆಗೆ ಇಡೀ ಕರ್ನಾಟಕವೇ ನನ್ನ ಪಾಲಿಗೆ ಆ ಫಲಕದಂತೆ ಇದ್ದಿರಬೇಕು.

ಈ ಹುಡುಗ ಶಾಲೆಯಿಂದ ಮೊದಲ ವಾರ ಬಂದು ಅಕ್ಷರ ಒಪ್ಪಿಸಿದಾಗ ನನಗೆ ಒಳಗೊಳಗೇ ಸಿಟ್ಟು ಬಂದಿತ್ತು. 'ಅ ಆ ಇ ಈ' ಎನ್ನುತ್ತಾನೆಂದು ಕಿವಿಗೊಟ್ಟರೆ 'ರ ಗ ಸ ದ ಅ' ಎಂದ. ಮುಂದಿನ ಕಂತು 'ಜ ವ ಮ ಬ ನ.' ಇದೆಂಥ ವರ್ಣಮಾಲೆ, ದಾರ ಕಿತ್ತು ಚೆಲ್ಲಿದ್ದಾರಲ್ಲ ಎನ್ನಿಸಿತು. ನಮ್ಮ ಅಕ್ಷರಮಾಲೆಯ ಸಾಲಿಗೊಂದು ಘನತೆಯಿದೆ. ಕ ಖ ಗ ಗಂಟಲಲ್ಲಿ ಹುಟ್ಟುತ್ತವೆ, ಚ ಛ ಜ ಅಂಗುಳಿಗೆ ಬರುತ್ತವೆ, ಟ ಠ ಡ ನಾಲಿಗೆಯನ್ನು ಮೇಲಕ್ಕೆ ಮಡಿಸುತ್ತವೆ, ತ ಥ ದ ಹಲ್ಲಿಗೆ ತಾಗುತ್ತವೆ, ಪ ಫ ಬ ತುಟಿಯಲ್ಲಿ ಮುಗಿಯುತ್ತವೆ. ಬಾಯೊಳಗಿನ ಒಂದು ಯಾತ್ರೆಯದು, ಒಳಗಿನಿಂದ ಹೊಸ್ತಿಲಿಗೆ. ಎ ಬಿ ಸಿ ಡಿಗೆ ಅಂಥ ಯಾವ ನ್ಯಾಯವೂ ಇಲ್ಲ ಎಂದು ಎಷ್ಟೋ ಸಭೆಯಲ್ಲಿ ಎದೆಯುಬ್ಬಿಸಿ ಮಾತಾಡಿದವನು ನಾನು.

ಆದರೆ ಆ ಯಾತ್ರೆಯ ಚೆಲುವು ಕಾಣುವುದು ಯಾತ್ರೆ ಮುಗಿಸಿದವರಿಗೆ. ಹೊರಡುವ ಮಗುವಿಗೆ ಬೇಕಾದದ್ದು ಬೇರೆ. ಅ ಆ ಇ ಈ ಉ ಊ ಎಂದು ಸ್ವರಗಳ ಸಾಲು ಹಿಡಿದು ಹೊರಟರೆ ದಾರಿಯಲ್ಲಿ ಕೈಗೆ ಸಿಗುವ ಪದ ಎಷ್ಟು? ಆ, ಈ. ಅಷ್ಟೇ. ಅತ್ತ ಬೆರಳು ತೋರಿಸಬಹುದು, ಇತ್ತ ತೋರಿಸಬಹುದು, ತೋರಿಸುವುದಕ್ಕೆ ಒಂದು ವಸ್ತುವಿಲ್ಲ. ರ ಗ ಸ ದ ಅ ಕಲಿತವನಿಗೆ ವಾರದೊಳಗೆ ಸರ ಇದೆ, ರಸ ಇದೆ, ದರ ಇದೆ, ಅರಸ, ಅಗಸ, ಸರಸ, ಗರಗಸ ಇವೆ. ಕೈ ತಿರುಗಿಸುವುದಕ್ಕೂ ಇವೇ ಸುಲಭ, ಒಂದು ಬಳುಕು ಬಂದರೆ ಅದರ ನೆಂಟನೂ ಬಂದಂತೆ. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳನ್ನು ನೋಡಿ ಬಂದು 1995ರಲ್ಲಿ ಶುರುಮಾಡಿದ ನಲಿ-ಕಲಿ ಇವತ್ತು ನಮ್ಮೂರ ಶಾಲೆಯಲ್ಲೂ ಇದೆ. ಗೋಡೆಯ ಮೇಲೆ ಕಲಿಕೆಯ ಏಣಿ, ಮಕ್ಕಳ ಕೈಯಲ್ಲಿ ಕಾರ್ಡು, ನೆಲದ ಮೇಲೆ ಗುಂಪು ಗುಂಪಾಗಿ ಕೂರುವುದು. ಅದರ ಬಗ್ಗೆ ಮೇಷ್ಟ್ರುಗಳಲ್ಲೇ ಎರಡು ಮಾತಿದೆ, ಆ ಜಗಳಕ್ಕೆ ನಾನು ಹೋಗುವುದಿಲ್ಲ. ಐದೇ ಅಕ್ಷರಕ್ಕೆ ಒಬ್ಬ ಅರಸ ಎದ್ದು ಬಂದನಲ್ಲ, ನನ್ನ ಸಿಟ್ಟು ಇಳಿಯಲು ಅಷ್ಟು ಸಾಕಾಯಿತು.

ಅರಸ ಬಂದ ಮೇಲೆ ಅವನಿಗೊಂದು ಕಥೆ ಬೇಡವೇ? ಆ ರಾತ್ರಿ ಐದು ಅಕ್ಷರ ಇಟ್ಟುಕೊಂಡು ಕಥೆ ಕಟ್ಟಲು ಕೂತೆ. ನಲವತ್ತು ವರ್ಷ ಬರೆದವನು, ಇದೇನು ಮಹಾ ಎಂದುಕೊಂಡಿದ್ದೆ. ಹನ್ನೊಂದು ಗಂಟೆಗೆ ಬೆವರಿದ್ದೆ. ಅರಸ 'ಇದ್ದ' ಎನ್ನುವಂತಿಲ್ಲ, 'ಒಂದು ಊರು' ಎನ್ನುವಂತಿಲ್ಲ. ಕೊನೆಗೆ ಹುಟ್ಟಿದ್ದು ಇಷ್ಟು:

ಅರಸರ ಸರ. ಅದರ ದರ? ಅಗಸರ ಗರಗಸ. ಗರಗಸ ಗರಗರ. ಸರ ಸರಸರ!

ಇದನ್ನು ಓದಲು ಹುಡುಗನಿಗೆ ಕಾಲು ಗಂಟೆ ಹಿಡಿಯಿತು. ಓದಿ ಮುಗಿಸಿ ಅವನು ಹೇಳಿದ ಕಥೆ ನಾನು ಬರೆದದ್ದಕ್ಕಿಂತ ಬಹಳ ಉದ್ದವಿತ್ತು. ಒಬ್ಬ ಅರಸ, ಅವನ ಕೊರಳಲ್ಲಿ ಸರ. ಯಾರೋ ಬಂದು ಎಷ್ಟು ದುಡ್ಡು ಅಂತ ಕೇಳಿದರು. ಅಗಸ ಗರಗಸ ತಂದ, ಅದು ಗರಗರ ಅಂತು, ಸರ ಹೆದರಿಕೊಂಡು ಹಾವಿನ ಹಾಗೆ ಸರಸರ ಓಡಿಹೋಯಿತು. "ಆಮೇಲ್ ಅರ್ಸ ಅತ್ನಾ ತಾತ?" ಎಂದು ಕೇಳಿದ. ಐದು ವಾಕ್ಯದಲ್ಲಿ ಒಂದು ಕ್ರಿಯಾಪದವಿಲ್ಲ, ಆದರೂ ಅವನ ಕಣ್ಣೆದುರು ಕಳ್ಳತನವೇ ನಡೆದುಹೋಗಿತ್ತು. ಕನ್ನಡದ ಜೋಡುಮಾತಿಗೆ ಎಂಥ ಕಾಲಿದೆ ನೋಡಿ: ಸರಸರ, ಗರಗರ, ದರದರ. ಕ್ರಿಯಾಪದದ ಹಂಗಿಲ್ಲದೆ ತಾವೇ ಓಡುತ್ತವೆ, ತಿರುಗುತ್ತವೆ, ಎಳೆದೊಯ್ಯುತ್ತವೆ.

ಅವನಿಗೆ ಒಂದು ತಕರಾರಿತ್ತು. ಅಗಸ ಯಾಕೆ ಗರಗಸ ಇಟ್ಟುಕೊಂಡಿದ್ದಾನೆ? ಅಗಸನಿಗೆ ಕತ್ತೆ ತಾನೇ ಇರಬೇಕು? ನ್ಯಾಯವಾದ ಪ್ರಶ್ನೆ. ಕತ್ತೆಗೆ ಕ ಬೇಕು, ತ ಬೇಕು, ಎತ್ವ ಬೇಕು, ಅದರ ಮೇಲೊಂದು ಒತ್ತು ಬೇಕು. ಐದು ಅಕ್ಷರದ ರಾಜ್ಯಕ್ಕೆ ಕತ್ತೆ ಬರಲು ಇನ್ನೂ ಆರು ತಿಂಗಳ ದಾರಿ. (ಅಗಸನ ಬಗ್ಗೆ ನನ್ನದೂ ಒಂದು ತಕರಾರಿದೆ. ಒಂದು ಕುಲದವರ ಕಸುಬಿನ ಹೆಸರನ್ನು ಅಕಾರದ ಜೊತೆ ತಲೆಮಾರುಗಟ್ಟಲೆ ಮಕ್ಕಳ ಬಾಯಲ್ಲಿ ಕೂಗಿಸಿದೆವು. ತರಗತಿಯಲ್ಲಿ ಆ ಮನೆಯ ಮಗು ಯಾವ ಕಡೆ ನೋಡುತ್ತ ಕೂತಿತ್ತೋ. ಆ ರಾತ್ರಿ ನಾನೂ ಅವನನ್ನೇ ಕರೆದುಕೊಂಡೆ, ಬೇರೆ ಅಕ್ಷರ ಸಿಗಲಿಲ್ಲ ಎನ್ನುವ ನೆಪದಲ್ಲಿ.)

ಹೀಗೆ ಕಥೆ ಕಟ್ಟುತ್ತ ಹೋದಾಗಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಮಗುವಿನ ಬಾಯಿಗೆ ಎಲ್ಲಕ್ಕಿಂತ ಮೊದಲು ಬರುವ ಮಾತು ಅಮ್ಮ. ಆಮೇಲೆ ಅಪ್ಪ, ಅಕ್ಕ, ಅಣ್ಣ, ತಮ್ಮ, ಅಜ್ಜ, ಅಜ್ಜಿ, ಅತ್ತೆ, ಚಿಕ್ಕಪ್ಪ. ಒಂದಾದರೂ ಒತ್ತಿಲ್ಲದೆ ಇದೆಯೇ? ನಾಲಿಗೆಗೆ ಅತಿ ಸುಲಭವಾದವೇ ಕೈಗೆ ಅತಿ ಕಷ್ಟ. ಒತ್ತಕ್ಷರ ಬರುವುದು ಎಲ್ಲ ಕಲಿತಾದ ಮೇಲೆ. ಅಲ್ಲಿಯವರೆಗೆ ಪುಸ್ತಕದ ಮನೆಯಲ್ಲಿ ಅಮ್ಮ ಇಲ್ಲ, ಅಪ್ಪ ಇಲ್ಲ, ಅನ್ನ ಇಲ್ಲ, ಅಕ್ಕಿ ಬೆಲ್ಲ ಯಾವುದೂ ಇಲ್ಲ. ನೆಂಟರಲ್ಲಿ ಮಾವ ಒಬ್ಬ ಹೇಗೋ ನುಸುಳಿಕೊಂಡು ಬರುತ್ತಾನೆ, ಭಾವ ಹಿಂದೆಯೇ ಬರುತ್ತಾನೆ, ಸೊನ್ನೆಯ ಕೈಹಿಡಿದು ತಂಗಿ ಬರುತ್ತಾಳೆ. ನಮ್ಮ ಮೊದಲ ಪಾಠಗಳಲ್ಲಿ ಮಾವ ಯಾಕೆ ಅಷ್ಟೊಂದು ಸಲ ಊರಿಗೆ ಬರುತ್ತಿದ್ದ ಎಂಬುದು ಈ ವಯಸ್ಸಿನಲ್ಲಿ ಹೊಳೆಯಿತು. ಅವನ ಮೇಲೆ ಯಾವ ಭಾರವೂ ಇರಲಿಲ್ಲ. ಇನ್ನು 'ಕನ್ನಡ' ಎಂಬ ಪದಕ್ಕೇ ಒತ್ತಿದೆ, ಅದಕ್ಕೇನು ಹೇಳೋಣ.

ಜ ವ ಮ ಬ ನ ಬಂದ ವಾರ ಮನೆಯಲ್ಲಿ ಹಬ್ಬ. ಮರ ಬಂತು, ವನ ಬಂತು, ದನ, ಜನ, ಮಗ, ಬಸವ ಬಂದರು. ಅವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ನಕಾರ. ಮೊದಲು ನನ್ನ ಅರಸ ಬಹುವಚನದಲ್ಲೇ ಇರಬೇಕಿತ್ತು, 'ಅರಸರ ಸರ' ಎಂದು. ಈಗ 'ಅರಸನ ಸರ' ಎನ್ನಬಹುದು. ಬಸವನ ದನ, ಅವನ ಮಗ. ಒಂದು ನ ಬಂದದ್ದಕ್ಕೆ ಲೋಕದಲ್ಲಿ ಒಬ್ಬೊಬ್ಬನಿಗೆ ಒಂದೊಂದು ತನ್ನದು ಎನ್ನುವುದು ಹುಟ್ಟಿಬಿಟ್ಟಿತು. ಹುಡುಗ ದಿನವಿಡೀ ಸಿಕ್ಕಿದ್ದಕ್ಕೆಲ್ಲ ಒಡೆಯರನ್ನು ಹಂಚುತ್ತ ತಿರುಗಿದ.

'ಬರ' ಎಂದು ಓದಿ ನನ್ನ ಮುಖ ನೋಡಿದ. "ಬರ ಅಂದ್ರೆ ಬರೋದಾ ತಾತ?" ಅಲ್ಲ ಕಣೋ, ಮಳೆ ಬಾರದೆ ಇರೋದು ಎಂದೆ. "ಬರ್ದೇ ಇರೋದಕ್ಕೆ ಬರ ಅಂತಾರಾ?" ಎಂದು ಬಿದ್ದು ಬಿದ್ದು ನಕ್ಕ. ಅರವತ್ತು ವರ್ಷದಿಂದ ಈ ಪದ ಬಳಸುತ್ತಿದ್ದೇನೆ, ಎಷ್ಟೋ ಬರ ಕಂಡಿದ್ದೇನೆ, ಒಮ್ಮೆಯೂ ಅದರ ಮೈಮೇಲಿನ ಈ ತಮಾಷೆ ಕಂಡಿರಲಿಲ್ಲ. ಪದಗಳ ಮೇಲೆ ವೇಗವಾಗಿ ಹೋಗುವವರಿಗೆ ಸಿಗದ್ದು ಕುಂಟುತ್ತ ಹೋಗುವವರಿಗೆ ಸಿಗುತ್ತದೆ.

ಆಮೇಲೆ ಬಂತು ಗುಡಿಸು. "ಕಸ ಗುಡ್ಸೋದಾ?" ಎಂದ, ಎಲ್ಲ ಮಕ್ಕಳೂ ಕೇಳುವ ಹಾಗೆ. ಒಂದರ್ಥದಲ್ಲಿ ಹೌದು. ಗುಡಿಸು ಬಂದರೆ ಅಕ್ಷರದ ನೆತ್ತಿಯ ತಲೆಕಟ್ಟು ಹೋಗುತ್ತದೆ. ತಲೆಕಟ್ಟೆಂದರೆ ಒಳಗೆ ಅಕಾರ ಕೂತಿದೆ ಎನ್ನುವ ಬಾವುಟ, ಮನೆಗೆ ಇ ಬಂದರೆ ಅ ಜಾಗ ಬಿಡಲೇಬೇಕು. ಸ್ಲೇಟಿನ ಮೇಲೆ 'ಮರ' ಬರೆದು, ಬೆರಳಿನಿಂದ ರಕಾರದ ತಲೆ ಒರೆಸಿ ಒಂದು ಸುತ್ತು ಎಳೆದೆ. ಮರಿ. ಹುಡುಗ ಸ್ಲೇಟನ್ನು ಎತ್ತಿ ಹಿಂಬದಿ ನೋಡಿದ, ಮರ ಎಲ್ಲಿ ಹೋಯಿತು ಎಂದು. 'ನರ' ಬರೆದೆ, ಅದು ನರಿಯಾಯಿತು. ಗರಕ್ಕೆ ಗರಿ ಮೂಡಿತು. ಕೊನೆಗೆ ಅವನೇ ಬಳಪ ಕಿತ್ತುಕೊಂಡು 'ಅರಸ'ದ ಕೊನೆಯ ಅಕ್ಷರಕ್ಕೆ ಗುಡಿಸು ಹಾಕಿದ. ಓದಿದ. ಬಾಯಿ ತೆರೆದುಕೊಂಡೇ ಇತ್ತು. ಮೂರು ವಾರದಿಂದ ಒಂಟಿಯಾಗಿದ್ದ ಅರಸನ ಮನೆಗೆ ಅರಸಿ ಬಂದಿದ್ದಳು.

ಇಂಗ್ಲಿಷಿನವರಿಗೆ ಈ ಭಾಗ್ಯವಿಲ್ಲ, ಅವರಿಗೆ ಬೇರೆ ಭಾಗ್ಯವಿದೆ. ಅವರ ಮಕ್ಕಳು ಕ್ಯಾಟ್, ಮ್ಯಾಟ್, ಹ್ಯಾಟ್ ಎಂದು ಪ್ರಾಸ ಹಿಡಿದು ಹೊರಡುತ್ತಾರೆ. 1950ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಮಕ್ಕಳಿಗೆ ಯಾಕೆ ಓದು ಹತ್ತುತ್ತಿಲ್ಲ ಎಂದು ದೊಡ್ಡ ಗಲಾಟೆಯೇ ಆಯಿತು. ಪದವನ್ನು ಚಿತ್ರದಂತೆ ಇಡಿಯಾಗಿ ಗುರುತಿಸುವುದನ್ನು ಕಲಿಸಿ ಕೆಟ್ಟೆವು, ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ಕಲಿಸಿ ಎಂದು ರುಡಾಲ್ಫ್ ಫ್ಲೆಶ್ 1955ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅದೇ ಗಲಾಟೆಯ ನಡುವೆ ಡಾಕ್ಟರ್ ಸ್ಯೂಸ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕ ಟೋಪಿ ತೊಟ್ಟ ಬೆಕ್ಕಿನ ಕಥೆ ಬರೆದ, 1957ರಲ್ಲಿ. ಇಡೀ ಪುಸ್ತಕದಲ್ಲಿ ಇರುವುದು 236 ಬೇರೆ ಬೇರೆ ಪದ. ಐವತ್ತೇ ಪದದಲ್ಲಿ ಬರೆಯಲಾರೆ ಎಂದು ಪ್ರಕಾಶಕ ಪಂಥ ಕಟ್ಟಿದಾಗ 1960ರಲ್ಲಿ ಹಸಿರು ಮೊಟ್ಟೆಯ ಕಥೆ ಬಂತು, ಸರಿಯಾಗಿ 50 ಪದ. ಮಕ್ಕಳು ಅದನ್ನು ಓದಿ ನಗುತ್ತಾರೆ. ಗರಗಸದ ಕಥೆ ಬರೆದು ಬೆವರಿದ ನಾನು ನಗಲಾರೆ, ಆ ಮನುಷ್ಯನಿಗೆ ಕೂತಲ್ಲಿಂದಲೇ ಕೈ ಮುಗಿಯುತ್ತೇನೆ.

ನಮ್ಮಲ್ಲಿ ಇಂಥ ಕಟ್ಟುಪಾಡಿನ ಆಟವನ್ನು ಪಂಡಿತರು ಮಾತ್ರ ಆಡುತ್ತಿದ್ದರು. ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗದಲ್ಲಿ ನಕಾರವೊಂದನ್ನೇ ವ್ಯಂಜನವಾಗಿಟ್ಟುಕೊಂಡು ಕಟ್ಟಿದ ಶ್ಲೋಕವಿದೆ. ತುದಿಯಲ್ಲಿ ಒಂದು ತ್ ನುಸುಳಿದೆ, ಅದು ಲೆಕ್ಕಕ್ಕಿಲ್ಲವಂತೆ. ಆಸ್ಥಾನದಲ್ಲಿ ತಲೆದೂಗಿಸಿಕೊಂಡ ಚಿತ್ರಕಾವ್ಯವೂ ಜಗಲಿಯ ಮೇಲಿನ ನನ್ನ ಗರಗಸವೂ ಒಂದೇ ಹಗ್ಗದ ಎರಡು ತುದಿ. ಅಲ್ಲಿ ಎಲ್ಲ ಅಕ್ಷರ ಬಲ್ಲವನು ಬೇಕೆಂದೇ ಬಡವನಾಗುತ್ತಾನೆ, ಇಲ್ಲಿ ಹತ್ತು ಅಕ್ಷರದವನು ಇದ್ದುದರಲ್ಲೇ ಸಂಸಾರ ಹೂಡುತ್ತಾನೆ.

ಕನ್ನಡದಲ್ಲಿ ಬರೆದಂತೆ ಓದುತ್ತೇವೆ, ಓದಿದಂತೆ ಬರೆಯುತ್ತೇವೆ ಎಂದು ನಾವು ಹೆಮ್ಮೆಪಡುತ್ತೇವಲ್ಲ, ಅದನ್ನು ಈ ಹುಡುಗ ನನ್ನಿಂದ ಅರ್ಧ ಕಿತ್ತುಕೊಂಡ. ಅವನ ಮನೆಯ ಬಾಯಲ್ಲಿ ಹಕಾರವಿಲ್ಲ. ಹಾಲು ಆಲು, ಹಾವು ಆವು, ಹೋಗುತ್ತದೆ ಓಯ್ತದೆ. ಹಕ್ಕಿಯೂ ಅಕ್ಕಿಯೇ, ಅಕ್ಕಿಯೂ ಅಕ್ಕಿಯೇ. ಶಾಲೆಯಲ್ಲಿ ಹ ಕಲಿತ ದಿನ ಬಂದು, ಸೇರಿನ ತುಂಬ ಇದ್ದ ಅಕ್ಕಿಯನ್ನು ತೋರಿಸಿ "ಹಕ್ಕಿ!" ಎಂದ. ಹೊಸ ಸದ್ದು ಸಿಕ್ಕ ಖುಷಿಗೆ ಎಲ್ಲ ಕಡೆಯೂ ಹಚ್ಚಿಬಿಟ್ಟಿದ್ದ. ಅಂಗಳದಲ್ಲಿ ಗುಬ್ಬಿ ಅಕ್ಕಿ ಹೆಕ್ಕುತ್ತಿದ್ದರೆ "ಅಕ್ಕಿ ಹಕ್ಕಿ ತಿಂತಾ ಐತೆ" ಎಂದು ವರದಿ ಒಪ್ಪಿಸಿದ. ಅವನ ತಾಯಿಗೆ ನಗು, ಹುಡುಗನಿಗೆ ಗಲಿಬಿಲಿ. ನಾನು ಮಾತ್ರ ಒಂದು ಗಳಿಗೆ ಅಕ್ಕಿಕಾಳೊಂದು ಬಾಯಿ ತೆರೆದು ಗುಬ್ಬಿಯನ್ನು ನುಂಗುವುದನ್ನು ಕಂಡೆ. ಕಿವಿಯಲ್ಲಿ ಇಲ್ಲದ ಸದ್ದನ್ನು ಕಣ್ಣಿನಿಂದ ಕಲಿಯುವುದೆಂದರೆ ಸಣ್ಣ ಕೆಲಸವಲ್ಲ. ಮಹಾಪ್ರಾಣಗಳದೂ ಇದೇ ಕಥೆ. ಕನ್ನಡಿಗರ ಮಾತಿನಲ್ಲಿ ಅವು ಇಲ್ಲ, ಬರಹದಿಂದಲೂ ಬಿಡೋಣ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿ ಹಾಗೆಯೇ ಬರೆದು ತೋರಿಸಿದರು. ನನ್ನ ಕೈ ಅದಕ್ಕೆ ಬಗ್ಗಲಿಲ್ಲ. ಆದರೆ ಧಕಾರದ ಹೊಟ್ಟೆ ಸೀಳಲು ಮರೆತು ಪೆಟ್ಟು ತಿಂದ ಮಕ್ಕಳ ಪರವಾಗಿ ಅವರು ಮಾತಾಡಿದ್ದಾರೆ ಎನ್ನಿಸುತ್ತದೆ.

ಆ ಸದ್ದಾದರೂ ಎಲ್ಲಿಂದ ಬರುತ್ತದೆ? ಹುಡುಗನ ಪ್ರಶ್ನೆಯೇ ಅದು. 'ಗ' ಎನ್ನುವಾಗ ಗಂಟಲಿನ ಮೇಲೆ ಕೈಯಿಟ್ಟುಕೊಂಡು, 'ಬ' ಎನ್ನುವಾಗ ತುಟಿ ಹಿಡಿದುಕೊಂಡು, "ಅ ಎಲ್ಲೈತೆ ತಾತ, ಸಿಗ್ತಾನೇ ಇಲ್ಲ" ಎಂದ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನೂ ಇದನ್ನು ಕೇಳಿಕೊಂಡಿದ್ದ. ಶಬ್ದಮಣಿದರ್ಪಣದ ಶುರುವಿನಲ್ಲೇ ಅವನು ಹೇಳುತ್ತಾನೆ: ಗಾಳಿ ಅನುಕೂಲವಾಗಿ, ಜೀವ ಬಯಸಿದಾಗ, ಹೊಕ್ಕುಳ ಬುಡದಿಂದ ಕಹಳೆಯ ಹಾಗೆ ಶಬ್ದವೆಂಬ ದ್ರವ್ಯ ಹುಟ್ಟುತ್ತದೆ, ಅದರ ಬಣ್ಣ ಬಿಳಿ. ಕಾಲೇಜಿನಲ್ಲಿ ಇದನ್ನು ಓದಿ ನಾವೆಲ್ಲ ಮುಸಿಮುಸಿ ನಕ್ಕಿದ್ದೆವು, ಸದ್ದಿಗೆ ಬಣ್ಣವೇ ಎಂದು. ಈಗ ಕಪ್ಪು ಸ್ಲೇಟಿನ ಮೇಲೆ ಬಳಪದ ಬಿಳಿ ಅಕಾರ ನೋಡುತ್ತ ನಗು ಬರುತ್ತಿಲ್ಲ. ಹೊಟ್ಟೆಯಲ್ಲಿ ಐತೆ ಎಂದು ಹುಡುಗನಿಗೆ ಹೇಳಿದೆ. ಅಂಗಿ ಎತ್ತಿ ಹೊಕ್ಕುಳಿಗೆ ಬೆರಳಿಟ್ಟು "ಅ" ಎಂದ. ಹೊಟ್ಟೆ ಅಲುಗಿತು. ಅವನಿಗೆ ಅಷ್ಟು ಸಾಕಾಯಿತು.

ಎಷ್ಟೋ ಸಲ ಅವನು ಸಕಾರವನ್ನು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆಯುತ್ತಾನೆ. ಮೊದಲು ತಿದ್ದುತ್ತಿದ್ದೆ. ಆಮೇಲೆ ಫ್ರಾನ್ಸಿನ ಮಿದುಳಿನ ವಿಜ್ಞಾನಿ ಸ್ತಾನಿಸ್ಲಾಸ್ ದೆಹಾನ್ ಬರೆದದ್ದನ್ನು ಓದಿದೆ. ಓದು ಬರಹ ಹುಟ್ಟಿ ಐದಾರು ಸಾವಿರ ವರ್ಷ ಮಾತ್ರ, ಅದಕ್ಕೆಂದೇ ಮಿದುಳಿನಲ್ಲಿ ಜಾಗ ಬೆಳೆಯಲು ಅಷ್ಟು ಹೊತ್ತು ಸಾಲದು. ಹಾಗಾಗಿ ಮುಖ, ಮರ, ಮೃಗಗಳನ್ನು ಗುರುತಿಸುತ್ತಿದ್ದ ಜಾಗದಲ್ಲೇ ಒಂದು ಮೂಲೆಯನ್ನು ಅಕ್ಷರ ಬಾಡಿಗೆಗೆ ಹಿಡಿಯುತ್ತದೆ. ಆ ಹಳೆಯ ಜಾಗಕ್ಕೆ ಎಡ ಬಲ ಒಂದೇ. ಎಡಕ್ಕೆ ಮುಖ ಮಾಡಿದ ಹುಲಿಯೂ ಹುಲಿ, ಬಲಕ್ಕೆ ಮಾಡಿದ್ದೂ ಹುಲಿ, ಎರಡಕ್ಕೂ ಓಡಲೇಬೇಕು. ಕಾಡಿನಲ್ಲಿ ಜೀವ ಉಳಿಸಿದ ಆ ಬುದ್ಧಿಯನ್ನು ಸ್ಲೇಟಿನ ಮುಂದೆ ಮಗು ಮರೆಯಬೇಕು. ಇವನ ಉಲ್ಟಾ ಸಕಾರದೊಳಗೆ ಹುಲಿಗೆ ಹೆದರಿ ಓಡಿದ ಯಾವನೋ ಮುತ್ತಜ್ಜನ ಕಾಲು ಕಾಣುತ್ತದೆ. ತಿದ್ದುವ ಮೊದಲು ಈಗ ಒಂದು ಗಳಿಗೆ ಸುಮ್ಮನಿರುತ್ತೇನೆ.

ಆದರೂ ದಾರಿ ಉದ್ದ. ಇಂಗ್ಲಿಷಿನ ಮಗು ಇಪ್ಪತ್ತಾರು ಆಕಾರ ಕಲಿತರೆ ಬಾಗಿಲಿಗೆ ಬಂದಂತೆ. ನಮ್ಮ ಮಗುವಿನ ಮುಂದೆ ಕಾಗುಣಿತವೊಂದೇ 400ಕ್ಕೂ ಹೆಚ್ಚು ಆಕಾರಗಳನ್ನು ಹರಡುತ್ತದೆ, ಒತ್ತುಗಳ ಮಾತು ಬೇರೆ. ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ನೋಡಿದ ಸೋನಾಲಿ ನಾಗ್ ಅವರ 2007ರ ಅಧ್ಯಯನ ಹೇಳುವುದೂ ಅದನ್ನೇ: ನಾಲ್ಕನೆಯ ತರಗತಿಗೆ ಬಂದರೂ ಅಕ್ಷರ ಕಲಿಯುವುದು ಮುಗಿದಿರುವುದಿಲ್ಲ. ಪದವನ್ನು ಅಕ್ಷರಗಳಾಗಿ ಒಡೆಯಲು ನಮ್ಮ ಮಕ್ಕಳಿಗೆ ಬೇಗ ಬರುತ್ತದೆ, ಅಕ್ಷರದೊಳಗಿನ ಸದ್ದನ್ನು ಕ್ ಮತ್ತು ಅ ಎಂದು ಬಿಡಿಸಲು ತಡವಾಗುತ್ತದೆ. ಅ ಎಲ್ಲೈತೆ, ಸಿಗ್ತಾನೇ ಇಲ್ಲ ಎಂದು ಇವನು ಪರದಾಡಿದ್ದು ಇವನೊಬ್ಬನ ಪಾಡಲ್ಲ.

ಈ ಉದ್ದದ ದಾರಿಯಲ್ಲಿ ಸುಲಭದ ಒಳದಾರಿಯೊಂದಿದೆ, ಬಾಯಿಪಾಠ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ತನ್ನ ಜಿಲ್ಲೆಯ 533 ಶಾಲೆ, 6,641 ಮಕ್ಕಳ ಲೆಕ್ಕ ಕೊಟ್ಟ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನೂ ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುವುದನ್ನೂ ನೋಡಿ ಬಾಯಿತುಂಬ ಹೊಗಳಿದ. ಜೊತೆಗೆ, ಈ ಹುಡುಗರು ಪದ್ಯಗಳನ್ನು ರಾಶಿ ರಾಶಿ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿದ್ದಷ್ಟೇ ಎಂದೂ ಬರೆದ. ಆ ಗಿಳಿ ಇನ್ನೂ ಹಾರಿಹೋಗಿಲ್ಲ. ನಮ್ಮ ಹುಡುಗನೂ ಶಾಲೆಯ ಪಾಠವೊಂದನ್ನು ಬೆರಳಿಟ್ಟು ಗಡಗಡ ಓದುತ್ತಿದ್ದ. ಪುಸ್ತಕ ತಲೆಕೆಳಗಾಗಿತ್ತು.

ಅವನಿಗೆ ನಾಚಿಕೆಯಾಗಲಿಲ್ಲ. ನನಗೂ ಅದು ಪೂರ್ತಿ ಮೋಸವೆಂದು ಅನ್ನಿಸಲಿಲ್ಲ. ಓದದೆಯೂ ಕಾವ್ಯ ಬಲ್ಲ ಜನ ಇವರು ಎಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಈ ನಾಡಿನವರನ್ನು ಕೊಂಡಾಡಿದೆಯಲ್ಲ. ಇವನ ಮುತ್ತಜ್ಜಿ, ಎಂದರೆ ನನ್ನವ್ವ, ಹೆಬ್ಬೆಟ್ಟು ಒತ್ತುತ್ತಿದ್ದವಳು. ರಾಗಿ ಬೀಸುತ್ತ ಬೆಳಗಿನ ಜಾವ ಪೂರ್ತಿ ಹಾಡುತ್ತಿದ್ದಳು. ನಾನು ಒಂದನೆಯ ತರಗತಿಯಲ್ಲಿ ಕಲಿತು ಬಂದು 'ಸರ' ಎಂದು ಬರೆದು ತೋರಿಸಿದಾಗ ಸ್ಲೇಟಿನ ಮೇಲೆ ಕೈಯಾಡಿಸಿದ್ದಳಂತೆ, ಎಲ್ಲಿದೆ ಸರ ಎಂದು. ನನಗೆ ಇದು ನೆನಪಿಲ್ಲ, ಅಕ್ಕ ಹೇಳಿದ್ದು. ನನಗೆ ಕಳೆದುಹೋದ ಆ ಗಳಿಗೆ ಬಹುಶಃ ಅದೇ ದಿನದ್ದು. ಅವ್ವನ ಬೆರಳಿಗೆ ಬಳಪದ ಪುಡಿ ಅಂಟಿರಬೇಕು.

ನಿನ್ನೆ ಸಂಜೆ ಮಳೆ ಬರುವ ಹಾಗೆ ಮೋಡ ಕವಿದಿತ್ತು. ಹುಡುಗ ಸ್ಲೇಟು ಬಿಟ್ಟು ಜಗಲಿಯ ರೆಡ್‌ಆಕ್ಸೈಡ್ ನೆಲದ ಮೇಲೆ ಮೊಣಕಾಲೂರಿ ಕೂತಿದ್ದ. ಹತ್ತಿರ ಹೋದೆ. ಕೈಯಡ್ಡ ಇಟ್ಟುಕೊಂಡು ಬರೆಯುತ್ತಿದ್ದ, ನನಗೂ ತೋರಿಸದಂತೆ. ಮುಗಿಸಿ, ಒಳಗೆ ಓಡಿ, ಕೈ ಒದ್ದೆಯಿದ್ದ ತಾಯಿಯನ್ನು ಸೆರಗು ಹಿಡಿದು ಎಳೆದು ತಂದ. ನೆಲದ ಮೇಲೆ ದೊಡ್ಡದಾಗಿ ಮೂರು ಅಕ್ಷರ: ಅ ಮ ಮ.

ಒತ್ತು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಬಾಯಲ್ಲಿ ಎರಡು ಮ ಕೇಳಿಸಿತು, ಎರಡು ಮ ಬರೆದ. ಅಷ್ಟು ದಿನ ನಾನು ಬರಲಾರಳು ಎಂದುಕೊಂಡಿದ್ದವಳನ್ನು ಅವನು ಇದ್ದ ಅಕ್ಷರದಲ್ಲೇ ಕರೆತಂದಿದ್ದ.

ಅವಳು ಬಗ್ಗಿ ಬೆರಳಿಟ್ಟು ಓದಿದಳು. "ಅ... ಮ... ಮ. ಅಮಮ? ಏನೋ ಇದು?"

"ಅಮ್ಮ ಕಣಮ್ಮ! ನೀನು!"

ಅವಳು ನನ್ನ ಮುಖ ನೋಡಿದಳು. ನಾನು ಮೋಡದ ಕಡೆ ನೋಡಿದೆ.

"ಒಂದು ಮ ಜಾಸ್ತಿ ಆಯ್ತು ಕಣೋ" ಎಂದಳು.

"ಇರ್ಲಿ ಬಿಡಮ್ಮ" ಎಂದ.